ಯಂತ್ರಕ್ಕೆ ಹೇಳುವ ಸುಳ್ಳು

ಸುಳ್ಳು ಹೇಳುವುದು ನನ್ನ ಕಸುಬಿನ ಒಂದು ಭಾಗ. ಮೂಡುಬಿದಿರೆಯ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತೇನೆ. ಗಿರಾಕಿಗಳಿಗೆ ನಾನು 'ಕಂಪ್ಯೂಟರ್ ಅಕ್ಕ'. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಗೊತ್ತಾದ ಮೇಲೆ ಊರಿನ ಹಳೆಯ ಯಂತ್ರಗಳೆಲ್ಲ ಒಂದೊಂದಾಗಿ ನನ್ನ ಮೇಜಿಗೆ ಬಂದವು. ಅವುಗಳ ಹೊಟ್ಟೆಯಲ್ಲಿ ಇನ್ನೂ ಹಳೆಯ ಪ್ರೋಗ್ರಾಮುಗಳು: ಅಡಿಕೆ ವ್ಯಾಪಾರದ ಲೆಕ್ಕ, ಪ್ರೆಸ್ಸಿನ ಕನ್ನಡ ಫಾಂಟು, ಲ್ಯಾಬಿನ ರಿಪೋರ್ಟು. ಹೊಸ ವಿಂಡೋಸಿನಲ್ಲಿ ಇವುಗಳಲ್ಲಿ ಕೆಲವು ಏಳುವುದೇ ಇಲ್ಲ. ಏಳಿಸಬೇಕಾದರೆ ಸುಳ್ಳು ಹೇಳಬೇಕು.

ಹೇಳುವ ಕ್ರಮ ಬಹಳ ಸುಲಭ. ಪ್ರೋಗ್ರಾಮಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಕಂಪ್ಯಾಟಿಬಿಲಿಟಿ ಎಂಬ ಟ್ಯಾಬು. ಒಂದು ಚೌಕಕ್ಕೆ ಟಿಕ್ ಹಾಕಿ ಕೆಳಗಿನ ಪಟ್ಟಿಯಿಂದ 'ವಿಂಡೋಸ್ ಎಕ್ಸ್‌ಪಿ, ಸರ್ವಿಸ್ ಪ್ಯಾಕ್ 3' ಎಂದು ಆರಿಸಿದರೆ ಆಯಿತು. ಅಲ್ಲಿಂದ ಮುಂದೆ ಆ ಪ್ರೋಗ್ರಾಮು 'ನಾನು ಇರುವುದು ಯಾವ ವಿಂಡೋಸಿನಲ್ಲಿ?' ಎಂದು ಕೇಳಿದಾಗಲೆಲ್ಲ ವಿಂಡೋಸ್ 11 ಮುಖ ತಿರುಗಿಸದೆ 'ಎಕ್ಸ್‌ಪಿ' ಎನ್ನುತ್ತದೆ. ಪ್ರೋಗ್ರಾಮು ನಂಬುತ್ತದೆ. ನಂಬಿ ಏಳುತ್ತದೆ.

ಈ ಪ್ರಶ್ನೋತ್ತರ ನಡೆಯುವುದು ನಂಬರಿನ ಮೂಲಕ. ಎಕ್ಸ್‌ಪಿಯ ನಂಬರು 5.1, ವಿಸ್ಟಾದ್ದು 6.0, ವಿಂಡೋಸ್ 7ರದ್ದು 6.1. ಎಕ್ಸ್‌ಪಿ ಕಾಲದಲ್ಲಿ ಪ್ರೋಗ್ರಾಮು ಬರೆದ ಕೆಲವರು 'ಮೊದಲ ಅಂಕಿ ಐದಕ್ಕೆ ಕಮ್ಮಿ ಇರಬಾರದು, ಎರಡನೆಯದು ಒಂದಕ್ಕೆ ಕಮ್ಮಿ ಇರಬಾರದು' ಎಂದು ಷರತ್ತು ಹಾಕಿಟ್ಟರು. ಮುಂದೆ ವಿಸ್ಟಾ ಬಂತು. ಆರು ಐದಕ್ಕಿಂತ ದೊಡ್ಡದು, ಆದರೆ ಸೊನ್ನೆ ಒಂದಕ್ಕಿಂತ ಚಿಕ್ಕದು, ಬಾಗಿಲು ಬಂದ್. ಏಳನೆಯ ವಿಂಡೋಸಿಗೆ 7.0 ಎನ್ನದೆ 6.1 ಎಂದೇ ನಂಬರು ಕೊಟ್ಟದ್ದು ಇಂಥ ಪ್ರೋಗ್ರಾಮುಗಳು ಮುರಿದು ಬೀಳದಿರಲಿ ಎಂದು. ವಿಂಡೋಸ್ 11 ಇವತ್ತಿಗೂ ಒಳಗಿನ ಲೆಕ್ಕದಲ್ಲಿ 10.0. ಇಷ್ಟೇ ಅಲ್ಲ, 8.1ರಿಂದ ಈಚೆಗೆ, 'ನನಗೆ ಹೊಸ ವಿಂಡೋಸಿನ ಪರಿಚಯ ಉಂಟು' ಎಂದು ಮೊದಲೇ ಬರೆದುಕೊಂಡು ಬಾರದ ಪ್ರೋಗ್ರಾಮು ಹಳೆಯ ರೀತಿಯಲ್ಲಿ ನಂಬರು ಕೇಳಿದರೆ ಸಿಗುವ ಉತ್ತರ 6.2, ಅಂದರೆ ವಿಂಡೋಸ್ 8. ನಾನು ಟಿಕ್ ಹಾಕಲಿ, ಬಿಡಲಿ, ಒಳಗೆ ಸುಳ್ಳು ನಡೆಯುತ್ತಲೇ ಇರುತ್ತದೆ.

ಇದನ್ನು ಸುಳ್ಳು ಎಂದು ಕರೆದವಳು ನಾನಲ್ಲ. ಮೈಕ್ರೋಸಾಫ್ಟ್‌ನವರದೇ ಕಂಪ್ಯಾಟಿಬಿಲಿಟಿ ಅಡ್ಮಿನಿಸ್ಟ್ರೇಟರ್ ಎಂಬ ಸಾಧನವನ್ನು ತೆರೆದರೆ ಈ ಉಪಾಯಗಳ ಉದ್ದದ ಪಟ್ಟಿ ಕಾಣುತ್ತದೆ. ಅದರಲ್ಲಿ ನಂಬರು ಬದಲಿಸಿ ಹೇಳುವ ಉಪಾಯಗಳಿಗೆಲ್ಲ 'ವರ್ಷನ್ ಲೈ' ಎಂದೇ ಹೆಸರು. ಯಾವ ಪ್ರೋಗ್ರಾಮಿಗೆ ಯಾವ ಉಪಾಯ ಎಂಬುದರ ಡೇಟಾಬೇಸು ಪ್ರತಿ ವಿಂಡೋಸಿನ ಜೊತೆಗೆ ಬರುತ್ತದೆ. ಇದರ ಹಿಂದಿನ ಮನೋಧರ್ಮಕ್ಕೆ ಸಾಫ್ಟ್‌ವೇರ್ ಬಗ್ಗೆ ಬರೆಯುವ ಜೋಯೆಲ್ ಸ್ಪೋಲ್ಸ್ಕಿ ಹೇಳಿದ ಸಿಮ್‌ಸಿಟಿಯ ಪ್ರಸಂಗ ಒಳ್ಳೆಯ ನಿದರ್ಶನ. ಆ ಆಟದಲ್ಲಿ ಒಂದು ತಪ್ಪಿತ್ತು: ಮೆಮೊರಿಯ ಜಾಗವನ್ನು 'ನನ್ನ ಕೆಲಸ ಮುಗಿಯಿತು' ಎಂದು ಬಿಟ್ಟುಕೊಟ್ಟ ಮರುಗಳಿಗೆಯೇ ಅದನ್ನು ಪುನಃ ಓದುತ್ತಿತ್ತು. ಹಳೆಯ ವ್ಯವಸ್ಥೆಯಲ್ಲಿ ಆ ಜಾಗಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲ, ತಪ್ಪು ಗೊತ್ತಾಗುತ್ತಿರಲಿಲ್ಲ. ವಿಂಡೋಸ್ 95ರಲ್ಲಿ ಅದು ಕುಸಿಯುತ್ತದೆ ಎಂದು ಕಂಡ ಇಂಜಿನಿಯರುಗಳು, ಸಿಮ್‌ಸಿಟಿ ಓಡುತ್ತಿದೆಯೇ ಎಂದು ನೋಡಿ, ಓಡುತ್ತಿದ್ದರೆ ಬಿಟ್ಟುಕೊಟ್ಟ ಜಾಗವನ್ನು ಕೂಡಲೇ ಇನ್ನೊಬ್ಬರಿಗೆ ಕೊಡದ ಹಾಗೆ ವಿಂಡೋಸಿನಲ್ಲೇ ವಿಶೇಷ ಏರ್ಪಾಡು ಮಾಡಿದರು. ತಪ್ಪು ಆಟದ್ದು, ತಿದ್ದಿಕೊಂಡದ್ದು ವಿಂಡೋಸ್. ಆಡುವವನಿಗೆ ಇದಾವುದೂ ತಿಳಿಯಲಿಲ್ಲ.

ನನ್ನ ಅಪ್ಪ ನಿವೃತ್ತ ಶಾಲಾ ಮಾಸ್ಟ್ರು. ನಾವು ಜೈನರು; ಬಸದಿಯ ಸ್ವಾಧ್ಯಾಯವನ್ನು, ಅಂದರೆ ಶಾಸ್ತ್ರ ಓದುವುದನ್ನು, ಅಪ್ಪ ತಪ್ಪಿಸಿದವರಲ್ಲ. ದಶಲಕ್ಷಣ ಪರ್ವದಲ್ಲಿ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವನ್ನು ದಿನಕ್ಕೊಂದು ಅಧ್ಯಾಯದಂತೆ ಓದುವ ರೂಢಿ ನಮ್ಮಲ್ಲಿ ಉಂಟು. ಏಳನೆಯ ದಿನ ವ್ರತಗಳ ಅಧ್ಯಾಯ. ಆ ಸಂಜೆ ಅಂಗಡಿಗೆ ಬಂದು ಕೂತವರು ನಾನು ಟಿಕ್ ಹಾಕುವುದನ್ನು ನೋಡಿ, ಏನು ಮಾಡುತ್ತಿದ್ದೀ ಎಂದು ಕೇಳಿದರು. ಹೇಳಿದೆ. "ಅಲ್ಲ ಮಾರಾಯ್ತಿ, ಸತ್ಯಾಣುವ್ರತ ಇಟ್ಟುಕೊಂಡವಳು ನೀನು. ಇಲ್ಲದ್ದನ್ನು ಉಂಟು ಅಂತ ಹೇಳಿ ಅದಕ್ಕೆ ಬಿಲ್ಲು ಬೇರೆ ಮಾಡ್ತೀಯಲ್ಲ!" ಸತ್ಯಾಣುವ್ರತ ಎಂದರೆ ಗೃಹಸ್ಥರು ತಮ್ಮ ಮಟ್ಟಿಗೆ ಹಿಡಿಯುವ ಸತ್ಯದ ಸಣ್ಣ ವ್ರತ. ಅಪ್ಪ ತಮಾಷೆಗೆ ಅಂದದ್ದು. ಆದರೆ ನನ್ನ ತಲೆಯಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ.

ನಮ್ಮ ಆಚಾರ್ಯರು ಸುಳ್ಳನ್ನು ಬಹಳ ಜಾಗ್ರತೆಯಿಂದ ವಿಂಗಡಿಸಿದ್ದಾರೆ. ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅದಕ್ಕೆ ನಾಲ್ಕು ಬಗೆ. ಇದ್ದದ್ದನ್ನು ಇಲ್ಲ ಎನ್ನುವುದು, ಇಲ್ಲದ್ದನ್ನು ಇದೆ ಎನ್ನುವುದು, ಒಂದನ್ನು ಇನ್ನೊಂದು ಎನ್ನುವುದು, ಕೊನೆಯದಾಗಿ ನಿಂದೆ, ಪಾಪ, ಕಟುತ್ವ ತುಂಬಿದ ಮಾತು. ಮೂರನೆಯದಕ್ಕೆ ಅವರು ಕೊಟ್ಟ ಉದಾಹರಣೆ, ಹಸುವನ್ನು ಕುದುರೆ ಎನ್ನುವುದು. ಹನ್ನೊಂದನ್ನು ಎಕ್ಸ್‌ಪಿ ಎನ್ನುವ ನನ್ನ ಟಿಕ್ ನೇರವಾಗಿ ಅಲ್ಲೇ ಹೋಗಿ ಕೂರುತ್ತದೆ. ಅನುಮಾನವೇ ಬೇಡ.

ತಪ್ಪಿಸಿಕೊಳ್ಳಲು ಒಂದು ದಾರಿಯನ್ನು ಅಪ್ಪನೇ ತೋರಿಸಿದರು. ಪ್ರೋಗ್ರಾಮು ಜೀವವಲ್ಲ, ಬರೀ ಪುದ್ಗಲ, ಜಡವಸ್ತು. ಸುಳ್ಳು, ಕಳವು ಮೊದಲಾದುವೆಲ್ಲ ಹಿಂಸೆಯದ್ದೇ ಬೇರೆ ಬೇರೆ ರೂಪ ಎಂದು ಅಮೃತಚಂದ್ರರೇ ಹೇಳಿದ್ದಾರೆ; ಹಿಂಸೆ ಆಗಬೇಕಾದರೆ ಎದುರಿಗೆ ಒಂದು ಜೀವ ಬೇಕು; ಅಜೀವಕ್ಕೆ ಹೇಳಿದ ಸುಳ್ಳು ಸುಳ್ಳೇ ಅಲ್ಲ. ವಾದ ಚಂದ ಉಂಟು, ಮನಸ್ಸಿಗೂ ಹಿತ. ನನಗೆ ಮಾತ್ರ ಅದು ಅರ್ಧ ದಾರಿಗೆ ನಿಂತ ಹಾಗೆ ಕಂಡಿತು. ಯಂತ್ರಕ್ಕೆ ಹೇಳಿದ ಸುಳ್ಳು ಯಂತ್ರದಲ್ಲೇ ನಿಲ್ಲುವುದಿಲ್ಲ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು.

ಅಡಿಕೆ ವ್ಯಾಪಾರದ ಶೆಟ್ರ ಯಂತ್ರವನ್ನೇ ನೋಡಿ. ವಿಂಡೋಸ್ 7ರ ಹಳೆಯ ಡೆಸ್ಕ್‌ಟಾಪ್. ಶೆಟ್ರು ಪರದೆಯ ಮೇಲೆ ಬೆರಳಿಟ್ಟು, "ಅಕ್ಕ, ನಮ್ಮ ಲೆಕ್ಕ ಪೂರಾ ಈ ಫೋಲ್ಡರಿನಲ್ಲಿ ಉಂಟು. ಇದೊಂದನ್ನು ಹೊಸದಕ್ಕೆ ಹಾಕಿ ಕೊಡಿ, ಬಾಕಿ ಎಲ್ಲ ಹೋದರೂ ಅಡ್ಡಿಲ್ಲ" ಎಂದು ಹೇಳಿ ಹೋದರು. ಪ್ರೋಗ್ರಾಮ್ ಫೈಲ್ಸ್‌ನ ಒಳಗಿನ ಫೋಲ್ಡರು ಅದು. ಲೆಕ್ಕದ ಫೈಲು ಅಲ್ಲಿತ್ತು ಹೌದು, ಆದರೆ ಅದರ ತಾರೀಕು 2013ರದ್ದು, ಸೈಜು ಅಂಗೈಯಗಲ. ಪ್ರೋಗ್ರಾಮನ್ನು ತೆರೆದರೆ ಮೊನ್ನೆ ಮೊನ್ನೆ ಕೊಂಡ ಚಾಲಿ ಅಡಿಕೆಯ ತೂಕ, ದರ, ಬೆಳೆಗಾರರಿಗೆ ಕೊಟ್ಟ ಮುಂಗಡ ಎಲ್ಲ ಸಾಲಾಗಿ ಕಾಣುತ್ತಿತ್ತು. 2013ರ ಫೈಲಿನಿಂದ ಮೊನ್ನೆಯ ಲೆಕ್ಕ ಬರುವುದು ಹೇಗೆ?

ಇದು ವಿಂಡೋಸಿನ ಇನ್ನೊಂದು ಕರುಣೆಯ ಸುಳ್ಳು. ವಿಸ್ಟಾದಿಂದ ಮುಂದಕ್ಕೆ, ಸಾಮಾನ್ಯ ಅಧಿಕಾರದಲ್ಲಿ ಓಡುವ ಪ್ರೋಗ್ರಾಮು ಪ್ರೋಗ್ರಾಮ್ ಫೈಲ್ಸ್‌ನ ಒಳಗೆ ಬರೆಯುವಂತಿಲ್ಲ. ವೈರಸ್ಸಿನ ಭಯಕ್ಕೆ ಮಾಡಿದ ಕಟ್ಟು. ಹಳೆಯ ಪ್ರೋಗ್ರಾಮುಗಳಿಗೆ ಈ ಕಟ್ಟು ತಿಳಿಯದು. ಅವು ಲೆಕ್ಕದ ಪುಸ್ತಕವನ್ನು ತಮ್ಮ ಮಗ್ಗುಲಲ್ಲೇ ಇಟ್ಟುಕೊಂಡವು. ಆಗದು ಎಂದರೆ ಅವು ಕೆಡುತ್ತವೆ. ಅದಕ್ಕೆ ವಿಂಡೋಸ್ ಏನು ಮಾಡುತ್ತದೆ ಎಂದರೆ, 'ನೀನು ಹೇಳಿದಲ್ಲೇ ಬರೆದೆ' ಎಂದು ಹೇಳಿ, ಬಳಕೆದಾರನ ಆಪ್‌ಡೇಟಾ ಫೋಲ್ಡರಿನ ಆಳದಲ್ಲಿ ವರ್ಚುವಲ್‌ಸ್ಟೋರ್ ಎಂಬ ಅಡಗುಜಾಗದಲ್ಲಿ ಬರೆದಿಡುತ್ತದೆ. ಓದಲು ಬಂದಾಗ ಅಲ್ಲಿಂದಲೇ ತೆಗೆದು ಕೊಡುತ್ತದೆ. ಆಪ್‌ಡೇಟಾ ಮಾಮೂಲಿಯಾಗಿ ಕಣ್ಣಿಗೆ ಬೀಳುವ ಫೋಲ್ಡರಲ್ಲ. ಶೆಟ್ರ ಇಷ್ಟು ವರ್ಷದ ವ್ಯಾಪಾರ ಬದುಕಿದ್ದದ್ದು ಅವರು ಒಮ್ಮೆಯೂ ಕಾಣದ ಆ ಜಾಗದಲ್ಲಿ. ಇನ್ನೊಂದು ವಿಚಿತ್ರ: ಅದೇ ಪ್ರೋಗ್ರಾಮನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದರೆ ಈ ಏರ್ಪಾಡು ಕೆಲಸ ಮಾಡುವುದಿಲ್ಲ, ಆಗ ಕಾಣುವುದು 2013ರ ಖಾಲಿ ಪುಸ್ತಕ. ಎಲ್ಲ ಎಂಟ್ರಿ ಮಾಯವಾಯಿತು ಎಂದು ಎದೆ ಹಿಡಿದುಕೊಂಡು ಬರುವವರಲ್ಲಿ ಕೆಲವರ ಕಥೆ ಇದೇ.

ಶೆಟ್ರು ಹೇಳಿದಷ್ಟೇ ಮಾಡಿ ಡಿಸ್ಕು ಫಾರ್ಮ್ಯಾಟ್ ಮಾಡಿದ್ದರೆ? ಮಾತಿನಲ್ಲಿ ನನ್ನದು ಏನೂ ತಪ್ಪಿಲ್ಲ. 'ನೀವು ತೋರಿಸಿದ ಫೋಲ್ಡರು, ಇಗೊಳ್ಳಿ, ಪೂರಾ ಉಂಟು.' ಅಕ್ಷರಶಃ ನಿಜ. ಇಲ್ಲಿಯೇ ನನಗೆ ಸತ್ಯಾಣುವ್ರತದ ಅತಿಚಾರಗಳ ನೆನಪಾಗುವುದು. ವ್ರತ ಪೂರಾ ಮುರಿಯದಿದ್ದರೂ ಅದಕ್ಕೆ ಕಲೆ ಹತ್ತಿಸುವ ನಡತೆಗಳು ಅವು. ತತ್ತ್ವಾರ್ಥಸೂತ್ರ ಅಂಥ ಐದನ್ನು ಹೇಳುತ್ತದೆ: ತಪ್ಪು ದಾರಿ ಹೇಳಿಕೊಡುವುದು, ಇನ್ನೊಬ್ಬರ ಗುಟ್ಟು ಹೊರಗೆ ಹಾಕುವುದು, ಸುಳ್ಳು ಪತ್ರ ಮಾಡುವುದು, ನ್ಯಾಸಾಪಹಾರ, ಮುಖಭಾವ ನೋಡಿ ತಿಳಿದ ಮನಸ್ಸಿನ ಮಾತನ್ನು ಬಯಲು ಮಾಡುವುದು. ರಿಪೇರಿ ಅಂಗಡಿಗೆಂದೇ ಬರೆದ ಹಾಗೆ ಉಂಟು ಪಟ್ಟಿ. ಇದರಲ್ಲಿ ನ್ಯಾಸಾಪಹಾರ ಸೂಕ್ಷ್ಮವಾದದ್ದು. ಒಬ್ಬ ನಮ್ಮಲ್ಲಿ ಹಣ ಇಟ್ಟು ಹೋಗಿರುತ್ತಾನೆ. ಎಷ್ಟು ಇಟ್ಟೆ ಎಂಬುದು ಮರೆತು, ಬಂದಾಗ ಕಮ್ಮಿ ಕೇಳುತ್ತಾನೆ. ನಾವು 'ಹೌದು, ಅಷ್ಟೇ' ಎಂದು ಕೇಳಿದಷ್ಟನ್ನೇ ಕೊಟ್ಟು ಕಳಿಸುತ್ತೇವೆ. ಅವನೇ ಹೇಳಿದ ಲೆಕ್ಕ, ನಾವು ತಲೆ ಆಡಿಸಿದ್ದು ಮಾತ್ರ. ಆದರೂ ಶಾಸ್ತ್ರ ಅದನ್ನು ಕಳವಿನ ಪಟ್ಟಿಗೆ ಹಾಕಲಿಲ್ಲ, ಸುಳ್ಳಿನ ಪಟ್ಟಿಗೆ ಹಾಕಿತು.

ನನ್ನ ಮೇಜಿಗೆ ಬರುವ ಪ್ರತಿಯೊಂದು ಯಂತ್ರವೂ ಇಂಥ ನ್ಯಾಸ. ಇಟ್ಟವರಿಗೇ ಏನೇನು ಇಟ್ಟಿದ್ದೇವೆ ಎಂದು ಗೊತ್ತಿರುವುದಿಲ್ಲ. ವಿಂಡೋಸಿನ ಸುಳ್ಳು ಅವರಿಂದ ಅದನ್ನು ಅಡಗಿಸಿಟ್ಟಿರುತ್ತದೆ. ಕೆಡುಕಿನ ಮನಸ್ಸು ಎಲ್ಲೂ ಇಲ್ಲ: ಪ್ರೋಗ್ರಾಮು ಬರೆದವನದ್ದು ಅಂದಿನ ರೂಢಿ, ಮೈಕ್ರೋಸಾಫ್ಟ್‌ನ ಇಂಜಿನಿಯರನದ್ದು ಕರುಣೆ, ಶೆಟ್ರದ್ದು ನಂಬಿಕೆ. ಆದರೂ ಕೊನೆಗೆ ಮುಂಗಡ ಪಡೆದ ಒಬ್ಬ ಬೆಳೆಗಾರನ ಲೆಕ್ಕ ಗಾಳಿಗೆ ಹೋಗುವ ಸಂಭವ ಉಂಟು. ಅಜೀವಕ್ಕೆ ಹೇಳಿದ ಸುಳ್ಳು ಹೀಗೆ ಸುತ್ತಿ ಬಳಸಿ ಜೀವದ ಬಾಗಿಲಿಗೆ ಬರುತ್ತದೆ. ಹಾಗಾಗಿ ಯಂತ್ರಕ್ಕೆ ಸುಳ್ಳು ಹೇಳಬಹುದೇ ಎಂದು ಕೇಳಿ ಕೂರುವುದಕ್ಕಿಂತ, ಹೇಳಿದ ಸುಳ್ಳಿನ ಬೆನ್ನು ಹತ್ತಿ ಅದರ ತುದಿಯಲ್ಲಿ ಯಾರಿದ್ದಾರೆ ಎಂದು ನೋಡಿಕೊಂಡು ಬರುವುದು ಮೇಲು ಎಂಬ ತೀರ್ಮಾನಕ್ಕೆ ಬಂದೆ.

ಸುಳ್ಳಿನ ಗೊಡವೆಯೇ ಬೇಡ ಎನ್ನುವ ದಾರಿಯೂ ಉಂಟು. ಆಪಲ್ 2019ರಲ್ಲಿ ಮ್ಯಾಕಿಗೆ ಕ್ಯಾಟಲೀನಾ ತಂದಾಗ 32 ಬಿಟ್‌ನ ಪ್ರೋಗ್ರಾಮುಗಳನ್ನು ನೇರವಾಗಿ ಹೊರಗೆ ಹಾಕಿತು. ನಾಟಕ ಇಲ್ಲ, ನಯ ಇಲ್ಲ, ಇನ್ನು ನಿನಗೆ ಇಲ್ಲಿ ಜಾಗ ಇಲ್ಲ. ಇದು ಒಂದು ಬಗೆಯ ಸತ್ಯ, ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಮೆಚ್ಚುವಂಥದ್ದು. ಆತ 1797ರ ಒಂದು ಲೇಖನದಲ್ಲಿ, ಕೊಲೆಗಾರನೇ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಎಂದು ವಾದಿಸಿದ್ದ. ನಮ್ಮ ಕಡೆ ಇದಕ್ಕೆ ಉತ್ತರ ಬಹಳ ಹಿಂದೆಯೇ ಉಂಟು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕ ಎಂಬ ತಪಸ್ವಿಯ ಕಥೆ ಹೇಳುತ್ತಾನೆ. ದರೋಡೆಕೋರರಿಗೆ ಹೆದರಿ ಕಾಡಿಗೆ ಓಡಿದವರು ಎಲ್ಲಿ ಅಡಗಿದ್ದಾರೆ ಎಂಬ ನಿಜವನ್ನು ಅವರ ಬೆನ್ನು ಹತ್ತಿ ಬಂದವರಿಗೇ ಹೇಳಿ, ಅಡಗಿದವರ ಕೊಲೆಗೆ ಕಾರಣನಾಗಿ, ಸತ್ಯವಂತನಾಗಿಯೇ ನರಕಕ್ಕೆ ಹೋದವನು ಅವನು. ನಮ್ಮ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇದನ್ನು ಗೃಹಸ್ಥನ ವ್ರತದ ಲಕ್ಷಣದಲ್ಲಿಯೇ ಸೇರಿಸಿತು: ಸ್ಥೂಲವಾದ ಸುಳ್ಳನ್ನು ಹೇಳಬಾರದು, ಹೇಳಿಸಬಾರದು, ಇನ್ನೊಬ್ಬರಿಗೆ ಆಪತ್ತು ತರುವ ನಿಜವನ್ನೂ ಹೇಳಬಾರದು.

ಮೂರನೆಯ ದಾರಿ ಲಿನಕ್ಸಿನದ್ದು. ಅದರ ಕರ್ನೆಲ್ ಬರೆಯುವವರಿಗೆ ಲಿನಸ್ ಟೋರ್ವಾಲ್ಡ್ಸ್ ಹಾಕಿದ ಕಟ್ಟುನಿಟ್ಟು ಒಂದೇ: ಇಂದು ಕೆಲಸ ಮಾಡುತ್ತಿರುವ ಪ್ರೋಗ್ರಾಮು ನಾಳೆಯ ಕರ್ನೆಲ್‌ನಿಂದಾಗಿ ಕೆಡಬಾರದು. ಒಮ್ಮೆ ಕೊಟ್ಟ ಮಾತನ್ನು ನಡೆಸಿಕೊಂಡು ಬಂದರೆ ಮುಂದೆ ಸುಳ್ಳು ಹೇಳುವ ಪ್ರಸಂಗವೇ ಕಮ್ಮಿ. ಆದರ್ಶವಾಗಿ ನನಗೆ ಇದೇ ಹಿಡಿಸುತ್ತದೆ. ಏನು ಮಾಡುವುದು, ಶೆಟ್ರ ಲೆಕ್ಕದ ಪ್ರೋಗ್ರಾಮು ಬರೆದದ್ದು ವಿಂಡೋಸಿಗೆ. ಬರೆದವರ ಫೋನು ಈಗ ಚಾಲ್ತಿಯಲ್ಲಿಲ್ಲ. ಆದರ್ಶ ಸಿಗದಲ್ಲಿ ಅಣುವ್ರತ ಶುರುವಾಗುತ್ತದೆ. ಮಹಾವ್ರತ ಮುನಿಗಳದ್ದು, ಅಂಗಡಿ ಇಟ್ಟವರದ್ದಲ್ಲ.

ಪ್ರೆಸ್ಸಿನವರ ಸಂಗತಿ ಇನ್ನೂ ಬಿಕ್ಕಟ್ಟಿನದ್ದು. ಅವರ ಕನ್ನಡ ಫಾಂಟಿನ ಪ್ಯಾಕೇಜಿಗೆ ಯುಎಸ್‌ಬಿಗೆ ಚುಚ್ಚುವ 'ಲಾಕು' ಉಂಟು. ಲಾಕು ಸಿಕ್ಕಿಸಿದ್ದರೆ ಮಾತ್ರ ಕೀಬೋರ್ಡಿನಲ್ಲಿ ಕನ್ನಡ ಮೂಡುತ್ತದೆ. ದುಡ್ಡು ಕೊಟ್ಟೇ ಕೊಂಡದ್ದು. ಅದರ ಡ್ರೈವರು 32 ಬಿಟ್‌ನ ವಿಂಡೋಸಿಗೆ ಮಾಡಿದ್ದು. 64 ಬಿಟ್‌ನ ವಿಂಡೋಸು ಅಂಥ ಡ್ರೈವರನ್ನು ಒಳಗೆ ಬಿಡುವುದಿಲ್ಲ. ವಿಂಡೋಸ್ 11ರಲ್ಲಿ 32 ಬಿಟ್‌ನ ಆವೃತ್ತಿಯೇ ಇಲ್ಲ. "ಅಕ್ಕ, ಲಾಕು ಇಲ್ಲದಿದ್ದರೂ ಉಂಟು ಅಂತ ತೋರಿಸುವ ಸಾಫ್ಟ್‌ವೇರು ಸಿಗ್ತದಂತೆ, ಅದನ್ನು ಹಾಕಿಬಿಡಿ" ಎಂದರು. ಸಿಗುತ್ತದೆ ಹೌದು. ಇಲ್ಲದ್ದನ್ನು ಇದೆ ಎನ್ನುವುದು, ಅಮೃತಚಂದ್ರರ ಎರಡನೆಯ ಬಗೆ. ಎಕ್ಸ್‌ಪಿ ಎಂದು ಹೇಳುವ ಟಿಕ್ಕಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಅವರು ಕೇಳಿದರೆ ನ್ಯಾಯವೇ. ಎರಡೂ ಯಂತ್ರಕ್ಕೆ ಹೇಳುವ ಸುಳ್ಳು.

ಬೆನ್ನು ಹತ್ತಿ ಹೋದರೆ ವ್ಯತ್ಯಾಸ ಕಾಣುತ್ತದೆ. ಟಿಕ್ಕಿನ ಸುಳ್ಳಿನ ತುದಿಯಲ್ಲಿ ಇರುವವರು ಶೆಟ್ರು. ಅವರಿಗೆ ನಾನು ಹೇಳಿಯೇ ಮಾಡುತ್ತೇನೆ. ಲಾಕಿನ ಸುಳ್ಳಿನ ತುದಿಯಲ್ಲಿ ಇರುವವನು ಆ ಪ್ಯಾಕೇಜು ಮಾಡಿದವನು. ಲಾಕು ಎಂದರೆ ಅವನು ಬರೆದುಕೊಟ್ಟ ರಶೀದಿ, ಅದನ್ನು ನಕಲು ಮಾಡಿದರೆ ಸುಳ್ಳು ಪತ್ರ. ಇಷ್ಟಾಗಿಯೂ ಪ್ರೆಸ್ಸಿನವರದು ತಪ್ಪಲ್ಲವಲ್ಲ, ಕಷ್ಟ ಪರಿಹಾರ ಆಗಬೇಕಲ್ಲ. ಕೊನೆಗೆ ಮಾಡಿದ್ದು ಹೀಗೆ. ಹೊಸ ಯಂತ್ರದೊಳಗೆ ವರ್ಚುವಲ್ ಮಷೀನು ಒಂದನ್ನು ಕಟ್ಟಿ, ಅದರೊಳಗೆ ಅವರದ್ದೇ ಹಳೆಯ ಲೈಸೆನ್ಸಿನ 32 ಬಿಟ್‌ನ ವಿಂಡೋಸು ಹಾಕಿ, ಹೊರಗೆ ಚುಚ್ಚಿದ ಲಾಕನ್ನು ಆ ಒಳಗಿನ ಯಂತ್ರಕ್ಕೆ ಸೀದಾ ದಾಟಿಸಿದೆ. ಆ ಲೋಕದಲ್ಲಿ ಡಿಸ್ಕು ಸುಳ್ಳು, ಪರದೆ ಸುಳ್ಳು, ಮದರ್‌ಬೋರ್ಡು ಸುಳ್ಳು. ನಿಜವಾದದ್ದು ಲಾಕು ಒಂದೇ. ಅಲ್ಲಿಗೆ ಇಂಟರ್‌ನೆಟ್ ಕೊಡಲಿಲ್ಲ, ಅಪ್‌ಡೇಟ್ ಇಲ್ಲದ ವಿಂಡೋಸಿಗೆ ಅದು ಕ್ಷೇಮವಲ್ಲ. ಅಪ್ಪ ಇದನ್ನು ಕೇಳಿ, ಒಂದು ಸಣ್ಣ ಸುಳ್ಳು ಬೇಡ ಅಂತ ಇಡೀ ಲೋಕವನ್ನೇ ಸುಳ್ಳಾಗಿ ಕಟ್ಟಿದಿಯಲ್ಲ ಎಂದು ನಕ್ಕರು. ಹೌದು. ಗಾತ್ರದಲ್ಲಿ ಇದು ಬಹಳ ದೊಡ್ಡ ಸುಳ್ಳು, ಆದರೆ ಯಾರಿಗೂ ಬಾಕಿ ಉಳಿಸದ ಸುಳ್ಳು.

ಇನ್ನು ಟಿಪಿಎಂ ಎಂಬ ಭದ್ರತಾ ಚಿಪ್ಪಿನ ವಿಚಾರ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಬೇಕು. ಇಲ್ಲದ ಯಂತ್ರಕ್ಕೂ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ ಹತ್ತಿಸಬಹುದು. ಹಾಗೆ ಮಾಡಿದರೆ ಅಪ್‌ಡೇಟಿನ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್‌ನವರೇ ಎಚ್ಚರಿಸಿದ್ದಾರೆ. ಇನ್‌ಸ್ಟಾಲರನ್ನು ಏಮಾರಿಸುವುದು ನನಗೆ ದೊಡ್ಡ ಸಂಗತಿಯಲ್ಲ. "ಅಕ್ಕ, ನಡೀತದೆ ಅಂತ ಒಂದು ಮಾತು ಹೇಳಿ ಸಾಕು" ಎಂದು ಗಿರಾಕಿ ಕೇಳುತ್ತಾರಲ್ಲ, ಕಷ್ಟ ಆಗುವುದು ಅಲ್ಲಿ. ಅವರಿಗೆ ಬೇಕಾದದ್ದು ಆ ಮಾತು, ನನಗೆ ಬೇಕಾದದ್ದು ಆ ಕೆಲಸ. ಇಬ್ಬರಿಗೂ ಹಿತವಾದ ಆ 'ನಡೀತದೆ'ಗೆ ತತ್ತ್ವಾರ್ಥಸೂತ್ರದಲ್ಲಿ ಮಿಥ್ಯೋಪದೇಶ ಎಂದು ಹೆಸರು, ಐದು ಅತಿಚಾರಗಳಲ್ಲಿ ಮೊದಲನೆಯ 'ತಪ್ಪು ದಾರಿ ಹೇಳಿಕೊಡುವುದು' ಅದೇ. ನಾನು ಹೇಳುವುದಿಷ್ಟು: ಹತ್ತಿಸಬಹುದು, ಅಪ್‌ಡೇಟು ಯಾವಾಗ ನಿಲ್ಲುತ್ತದೆ ಹೇಳಲಾರೆ, 2026ರ ಅಕ್ಟೋಬರ್ 13ರ ತನಕ ವಿಂಡೋಸ್ 10ಕ್ಕೇ ವಿಸ್ತರಿಸಿದ ಸೆಕ್ಯುರಿಟಿ ಅಪ್‌ಡೇಟು ಪಡೆಯಬಹುದು, ಬರೀ ಇಂಟರ್‌ನೆಟ್, ಪತ್ರ ಟೈಪು ಆದರೆ ಲಿನಕ್ಸ್ ಧಾರಾಳ ಸಾಕು. ಕೆಲವರು ಉಪಕಾರ ಎಂದು ಹೋಗುತ್ತಾರೆ. ಕೆಲವರು 'ನಡೀತದೆ' ಎನ್ನುವ ಅಂಗಡಿಗೆ ಹೋಗುತ್ತಾರೆ.

ಈ ನಿಲುವಿಗೆ ಎದುರಾಗಿ ನಿಲ್ಲುವ ಒಂದು ಪ್ರಸಂಗ ನಮ್ಮ ಊರಿನಲ್ಲೇ ಉಂಟು, ಅದನ್ನು ಮುಚ್ಚಿಟ್ಟು ವಾದ ಗೆಲ್ಲಬಾರದು. ಜೈನ ಆಗಮವಾದ ಷಟ್ಖಂಡಾಗಮದ ಮೇಲೆ ವೀರಸೇನರು ಬರೆದ ಧವಲಾ ಟೀಕೆಯ ತಾಳೆಗರಿಯ ಪ್ರತಿಗಳು ಶತಮಾನಗಳಿಂದ ಉಳಿದದ್ದು ಮೂಡುಬಿದಿರೆಯ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ. ದರ್ಶನಕ್ಕೆ ಉಂಟು, ಓದಲಿಕ್ಕೆ ಇಲ್ಲ ಎಂಬ ಸ್ಥಿತಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದನ್ನು ಪ್ರತಿ ಮಾಡುವ ಕೆಲಸ ಶುರುವಾಯಿತು. ಪ್ರತಿ ಹೊರಗೆ ಹೋಗಬಾರದು ಎಂಬ ಕಟ್ಟಿನ ನಡುವೆಯೇ ಗುಟ್ಟಾಗಿ ಇನ್ನೊಂದು ಪ್ರತಿ ಇಟ್ಟುಕೊಂಡವರಿದ್ದರು. ಉತ್ತರ ಭಾರತಕ್ಕೆ ಹೋದ ಅಂಥ ಪ್ರತಿಯಿಂದ ನಕಲುಗಳು ಹುಟ್ಟಿದವು. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಹದಿನಾರು ಸಂಪುಟಗಳಾಗಿ ಅಚ್ಚಾಗಿ, ಆಗಮ ಓದುವವರ ಕೈಗೆ ಬಂತು. ಅಂದು ಎಲ್ಲರೂ ಕೊಟ್ಟ ಮಾತಿಗೆ ಕಟ್ಟುಬಿದ್ದಿದ್ದರೆ ಅದು ಇನ್ನೆಷ್ಟು ಕಾಲ ಪೆಟ್ಟಿಗೆಯಲ್ಲಿ ಇರುತ್ತಿತ್ತೋ.

ಫಲ ಒಳ್ಳೆಯದು ಎಂದ ಮಾತ್ರಕ್ಕೆ ನಂಬಿಕೆ ಮುರಿದದ್ದು ಮುರಿದದ್ದಲ್ಲ ಎಂದಾಗುವುದಿಲ್ಲ. ಹಾಗೆಂದು ಆ ಪ್ರತಿ ಇಟ್ಟುಕೊಂಡವರ ಮೇಲೆ ನನಗೆ ಕೋಪವೂ ಬರುವುದಿಲ್ಲ. ಇದನ್ನು ಬಗೆಹರಿಸುವ ಶಕ್ತಿ ನನಗಿಲ್ಲ, ಕಸುಬಿಗೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡಿದ್ದೇನೆ. ಅಪ್‌ಗ್ರೇಡಿಗೆ ಮುಂಚೆ ಹಳೆಯ ಡಿಸ್ಕಿನ ಪೂರ್ತಿ ಇಮೇಜು ತೆಗೆದಿಡುತ್ತೇನೆ, ಗಿರಾಕಿ ಬೇಡ ಎಂದ ಫೋಲ್ಡರುಗಳೂ ಅದರಲ್ಲಿ ಇರುತ್ತವೆ. ಆದರೆ ಹಾಗೆ ತೆಗೆದಿದ್ದೇನೆ, ಇಂಥ ದಿನ ಅಳಿಸುತ್ತೇನೆ ಎಂದು ಹೇಳಿ ಸಹಿ ಹಾಕಿಸಿಕೊಳ್ಳುತ್ತೇನೆ. ಗುಟ್ಟಿನ ಪ್ರತಿ ನನ್ನ ಅಂಗಡಿಯಲ್ಲಿ ಇಲ್ಲ.

ಹಾಗೆಯೇ ಒಂದು ಚೀಟಿ. ಯಾವ ಪ್ರೋಗ್ರಾಮಿಗೆ ಏನೆಂದು ಹೇಳಿ ನಂಬಿಸಿದ್ದೇನೆ, ಅದರ ಡೇಟಾ ನಿಜವಾಗಿ ಎಲ್ಲಿದೆ, ಅಡ್ಮಿನಿಸ್ಟ್ರೇಟರಾಗಿ ತೆರೆಯಬಾರದ್ದು ಯಾವುದು ಎಂದು ಕನ್ನಡದಲ್ಲಿ ಬರೆದು ಸಿಪಿಯು ಡಬ್ಬದ ಬದಿಗೆ ಅಂಟಿಸುತ್ತೇನೆ. ನಾಳೆ ಬೇರೆ ಯಾರೇ ಅದನ್ನು ಬಿಚ್ಚಿದರೂ ಸುಳ್ಳು ಎಲ್ಲಿದೆ ಎಂದು ತಿಳಿಯಬೇಕು. ಮೈಕ್ರೋಸಾಫ್ಟ್‌ನವರು ತಮ್ಮ ಸುಳ್ಳುಗಳಿಗೆ ಡೇಟಾಬೇಸು ಇಟ್ಟದ್ದು ಸರಿಯೇ. ಶೆಟ್ರಿಗೆ ಕಾಣದ ಕಡೆ ಇಟ್ಟದ್ದು ಕೊರತೆ. ಲೆಕ್ಕ ಇಟ್ಟ ಸುಳ್ಳು ಸಾಲದ ಹಾಗೆ, ತೀರಿಸಬಹುದು. ಲೆಕ್ಕವಿಲ್ಲದ್ದನ್ನು ತೀರಿಸುವವರು ಯಾರು?

ಅಪ್ಪನ ಜೊತೆಗಿನ ಮಾತು ಇನ್ನೂ ಮುಗಿದಿಲ್ಲ. ಪುದ್ಗಲದ ವಾದವನ್ನು ಅವರು ಬಿಟ್ಟುಕೊಟ್ಟಿಲ್ಲ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನೇ ಮುಂದಿಟ್ಟು ನಾನು ಹೇಳಿದ ಒಂದು ಸಂಗತಿಗೆ ಅವರು ತಲೆದೂಗಿದ್ದಾರೆ. ಅಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಉಮಾಸ್ವಾಮಿಗಳು ಮೊದಲು ಎತ್ತುವುದು ಪ್ರಮಾದವನ್ನು, ಕ್ರೋಧ, ಲೋಭಗಳಂಥ ಕಷಾಯಕ್ಕೆ ಸಿಕ್ಕಿದ, ಎಚ್ಚರ ತಪ್ಪಿದ ಮನಸ್ಸನ್ನು. ಅಸತ್ಯಕ್ಕೂ ಬೇರು ಅದೇ ಎಂದು ಟೀಕಾಕಾರರು ಬಿಡಿಸಿ ಹೇಳುತ್ತಾರೆ. ಹಾಗಿದ್ದರೆ ಎಚ್ಚರ ತಪ್ಪಿ ಹೇಳಿದ ನಿಜದ ಗತಿಯೇನು? 'ಬ್ಯಾಕಪ್ ಆಗಿದೆ' ಎಂದು ಪರದೆ ಹೇಳಿತು ಎಂದು ನಾನೂ ಹೇಳಿದೆ, ತೆರೆದು ನೋಡಲಿಲ್ಲ, ಅದೃಷ್ಟಕ್ಕೆ ಆಗಿಯೇ ಇತ್ತು. ಮಾತು ನಿಜವಾಯಿತು, ನಾನು ಸತ್ಯ ಹೇಳಿದ ಹಾಗೆ ಆಯಿತೇ? ಆಗಲಿಲ್ಲ ಎಂದೇ ನನ್ನ ಲೆಕ್ಕ. ಎಕ್ಸ್‌ಪಿ ಎಂದು ಎಚ್ಚರದಲ್ಲಿ ಹೇಳಿ ಚೀಟಿ ಅಂಟಿಸಿದ ಸುಳ್ಳಿಗಿಂತ ಈ ನಿಜವೇ ವ್ರತಕ್ಕೆ ಹೆಚ್ಚು ಕಲೆ. ಯಂತ್ರ ವಾಪಸು ತೆಗೆದುಕೊಂಡು ಹೋಗುವಾಗ ಗಿರಾಕಿಗಳು ಕೇಳುವುದು ಒಂದೇ ಪ್ರಶ್ನೆ: "ಅಕ್ಕ, ಎಲ್ಲ ಉಂಟಲ್ಲ?" ಅದಕ್ಕೆ 'ಉಂಟು' ಎನ್ನುವ ಹಕ್ಕು ಪ್ರತಿಯೊಂದನ್ನೂ ತೆರೆದು ನೋಡಿದವರಿಗೆ ಮಾತ್ರ.